ದಿನಾ ಸವಾರಿ ಮಾಡುತ್ತೀರಾ?

ನಮ್ಮ ಮನೆಯಲ್ಲಿ ಕುದುರೆಗಳಿವೆ ಎಂದು ತಿಳಿದ ಕೂಡಲೇ ಎಲ್ಲರೂ ಕೇಳುವ ಪ್ರಶ್ನೆ ಇದು. ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕದ ಎಲೆಯವರು ಕೇಳುತ್ತಾರೆ, ಬ್ಯಾಂಕಿನ ಕೌಂಟರಿನಲ್ಲಿರುವ ಹುಡುಗಿ ಕೇಳುತ್ತಾಳೆ. ಹಾಗೆ ಕೇಳುವಾಗ ಅವರ ಕಣ್ಣೊಳಗೆ ನಾನು ತೆಂಗಿನ ಸಾಲುಗಳ ನಡುವೆ ಜೂಲು ಹಾರುವ ಕುದುರೆಯ ಮೇಲೆ ಹೋಗುತ್ತಿರುವುದು ನನಗೇ ಕಾಣಿಸುತ್ತದೆ. ಇಲ್ಲ ಎಂದರೆ ಅವರ ಮುಖ ಸಪ್ಪಗಾಗುತ್ತದೆ. ಅದಕ್ಕೇ ಇಷ್ಟು ವರ್ಷ "ಆಗಾಗ" ಎಂದು ತೇಲಿಸಿಬಿಡುತ್ತಿದ್ದೆ. ಈ ಸಲ ನಿಜ ಹೇಳುತ್ತೇನೆ. ಕಳೆದ ಏಪ್ರಿಲ್‌ನ ಒಂದು ಭಾನುವಾರ ಮನೆಯಲ್ಲಿ ಎಂಟು ಜನರಿದ್ದೆವು, ಲಾಯದಲ್ಲಿ ಐದು ಕುದುರೆಗಳೂ ಒಂದು ಮರಿಯೂ ಇದ್ದವು. ಆ ದಿನ ಯಾರೂ ಸವಾರಿ ಮಾಡಲಿಲ್ಲ. ಹಾಗೆಂದು ಯಾರೂ ಕುಳಿತಿರಲೂ ಇಲ್ಲ.

ನಮ್ಮದು ಹಳೇಬೀಡಿನ ಹತ್ತಿರದ ಊರು. ಆ ವಾರ ತ್ರೀ ಫೇಸ್ ಕರೆಂಟು ಬೆಳಗಿನ ಜಾವಕ್ಕಿತ್ತು. ನಾಲ್ಕೂವರೆಗೆ ಎದ್ದು ಮೋಟಾರ್ ಹಾಕಿ, ತೊಟ್ಟಿಗೆ ನೀರು ಬೀಳುವ ಸದ್ದು ಕೇಳಿಸುವವರೆಗೂ ಅಲ್ಲೇ ನಿಂತಿದ್ದೆ. ಸದ್ದು ಕೇಳದೆ ಕದಲಬಾರದು ಎಂಬುದು ನನಗೆ ನಾನೇ ಹಾಕಿಕೊಂಡ ಕಟ್ಟಳೆ. ಅದರ ಕಾರಣ ಮುಂದೆ ಹೇಳುತ್ತೇನೆ. ಬಿಸಿಲಿನ ದಿನ ಒಂದು ಕುದುರೆ 50 ಲೀಟರ್‌ವರೆಗೆ ನೀರು ಕುಡಿಯುತ್ತದೆ. ಮರಿಗೆ ಹಾಲೂಡಿಸುವ ಬೆಳ್ಳಿಗೆ ಅದೂ ಸಾಲದು. ಕುಡಿಯುವುದಕ್ಕೇ ಸುಮಾರು 250 ಲೀಟರ್ ಆಯಿತು. ಸಂಜೆ ಮೈ ತೊಳೆಯುವ ಲೆಕ್ಕ ಬೇರೆ.

ಐದು ಗಂಟೆಗೆ ಮಾವ ಲಾಯಕ್ಕೆ ಬರುತ್ತಾರೆ. ಅವರು ಮೈಸೂರಿನ ಪೊಲೀಸ್ ಅಶ್ವದಳದಲ್ಲಿದ್ದು ನಿವೃತ್ತರಾದವರು. ಊರಿಗೆ ಬಂದ ವರ್ಷವೇ ಮೊದಲ ಕುದುರೆ ತಂದರು. ಅತ್ತೆಯನ್ನು ಕೇಳಿ ತಂದರೋ ಹೇಳದೆ ತಂದರೋ ಎಂಬ ವಿಚಾರಣೆ ಇನ್ನೂ ಮುಗಿದಿಲ್ಲ. ಲಾಯಕ್ಕೆ ಬಂದ ಮಾವ ಕುದುರೆಯ ಮುಖ ನೋಡುವುದಕ್ಕಿಂತ ಮೊದಲು ಲದ್ದಿ ನೋಡುತ್ತಾರೆ. ಎಷ್ಟು ಬಿದ್ದಿದೆ, ಹಸಿಯೋ ಒಣಗಿದೆಯೋ, ಉಂಡೆ ಒಡೆಯುತ್ತದೆಯೋ ಇಲ್ಲವೋ ಎಂದು ಕಾಲಿನಿಂದ ಸರಿಸಿ ನೋಡಿದ ಮೇಲೆಯೇ ಅವರ ಬಾಯಿಂದ ಮಾತು ಹೊರಡುವುದು.

ದೊಡ್ಡ ಕುದುರೆಯೊಂದು ದಿನಕ್ಕೆ 20 ಕಿಲೋ ಆಸುಪಾಸು ಲದ್ದಿ ಹಾಕುತ್ತದೆ. ಐದಕ್ಕೆ ಒಂದು ಕ್ವಿಂಟಾಲ್ ಎಂದಿಟ್ಟುಕೊಳ್ಳಿ. ರಜೆಯಲ್ಲಿ ಅದನ್ನು ಹೊರುವ ಕೆಲಸ ಮಕ್ಕಳದ್ದು. ಬೆಂಗಳೂರಿನಿಂದ ಬಂದಿದ್ದ ನಾದಿನಿಯ ಮಗನಿಗೆ ಹನ್ನೊಂದು ವರ್ಷ. ಮೊದಲ ದಿನ ಮಂಕರಿಯನ್ನು ಎರಡೇ ಬೆರಳಿನಲ್ಲಿ ಎತ್ತಿದ್ದ. ಮೂರನೆಯ ದಿನಕ್ಕೆ ನನ್ನ ಮಕ್ಕಳ ಜೊತೆ ಪಣ ಕಟ್ಟಿ ಓಡುತ್ತಿದ್ದ. ಆ ಭಾನುವಾರ ಮಾತ್ರ ಮಂಕರಿ ಬಿಸಾಡಿ ಕೂಗಿಕೊಂಡು ಬಂದ: "ಅತ್ತೆ, ಮರಿ ಅದರ ಅಮ್ಮನ ಲದ್ದಿ ತಿನ್ನುತ್ತಿದೆ!"

"ತಿನ್ನಲಿ ಬಿಡು," ಎಂದರು ಮಾವ. ತಿಂಗಳ ಮರಿ ಹಾಗೆಯೇ ಮಾಡುವುದು. ಹುಲ್ಲು ಅರಗಿಸುವ ಸೂಕ್ಷ್ಮಜೀವಿಗಳು ಮರಿಯ ಕರುಳಿಗೆ ಸೇರುವ ದಾರಿಗಳಲ್ಲಿ ಅದೂ ಒಂದು. ಹುಡುಗ ಒಪ್ಪಲಿಲ್ಲ. ಮಧ್ಯಾಹ್ನದವರೆಗೂ ಮರಿಯನ್ನು ಮುಟ್ಟಲಿಲ್ಲ.

ಲದ್ದಿ ನೇರವಾಗಿ ಹೊಲಕ್ಕೆ ಹೋಗುವುದಿಲ್ಲ, ಗುಂಡಿಗೆ ಹೋಗುತ್ತದೆ. ಕುದುರೆ ಹಸುವಿನ ಹಾಗೆ ಮೆಲುಕು ಹಾಕುವುದಿಲ್ಲವಾದ್ದರಿಂದ ಎಷ್ಟೋ ಹುಲ್ಲಿನ ಬೀಜ ಅದರ ಹೊಟ್ಟೆಯಿಂದ ಜೀವಂತವಾಗಿಯೇ ಹೊರಗೆ ಬರುತ್ತದೆ. ಈ ಮನೆಗೆ ಬಂದ ಹೊಸತರಲ್ಲಿ ನಾನು ಹಸಿ ಲದ್ದಿಯನ್ನು ಶುಂಠಿ ಪಾತಿಗೆ ಸುರಿದು, ಆ ವರ್ಷವೆಲ್ಲ ಶುಂಠಿಯ ಬದಲು ಕಳೆ ಬೆಳೆದಿದ್ದೆ. ಅತ್ತೆ ಇವತ್ತಿಗೂ ಶುಂಠಿ ಟೀ ಕೊಡುವಾಗ ಅದನ್ನು ನೆನಪಿಸುತ್ತಾರೆ.

ಅಡುಗೆ ಮನೆಯಲ್ಲಿ ಅಷ್ಟು ಹೊತ್ತಿಗೆ ಹುರುಳಿ ಬೇಯುತ್ತಿರುತ್ತದೆ. ರಾಗಿ ಹುಲ್ಲು, ಗರಿಕೆ, ಕುದುರೆ ಮೆಂತೆ ಇವು ಹೊಟ್ಟೆ ತುಂಬಿಸುವ ಮೇವು. ಬೂಸಕ್ಕೆ ಕಲಸಿದ ಬೆಂದ ಹುರುಳಿ ಬರೀ ಒಂದೊಂದು ಹಿಡಿಯಷ್ಟು, ಅದೂ ಎರಡು ಹೊತ್ತಿಗೆ ಹಂಚಿ. ಅಷ್ಟು ದೊಡ್ಡ ಮೈಗೆ ಕುದುರೆಯ ಜಠರ ತೀರಾ ಚಿಕ್ಕದು. ಹೆಚ್ಚಾದರೆ ವಾಂತಿ ಮಾಡಿಕೊಳ್ಳಲೂ ಅದಕ್ಕೆ ಬರುವುದಿಲ್ಲ. ಕಾಳು ಕುದುರೆಗೆ ಹೋದ ಮೇಲೆ ಬಸಿದ ಕಟ್ಟು ನಮಗೆ. ಬೆಳ್ಳುಳ್ಳಿ, ಮೆಣಸು, ಸುಟ್ಟ ಈರುಳ್ಳಿ ಅರೆದು ಹಾಕಿದ ಬಸ್ಸಾರು, ಮುದ್ದೆ. ಮನೆಗೆ ಬಂದ ನೆಂಟರಿಗೆ "ಕುದುರೆ ಉಂಡು ಬಿಟ್ಟದ್ದು, ಸಂಕೋಚ ಪಡಬೇಡಿ" ಎಂದು ಬಡಿಸುವುದು ಅತ್ತೆಯ ಹಳೆಯ ತಮಾಷೆ.

ಹತ್ತು ಗಂಟೆಗೆ ಲಾಳ ಕಟ್ಟುವವರು ಬಂದರು. ಆರರಿಂದ ಎಂಟು ವಾರಕ್ಕೊಮ್ಮೆ ಗೊರಸು ಕತ್ತರಿಸಲೇಬೇಕು, ನಮ್ಮ ಉಗುರಿನ ಹಾಗೆ ಅದೂ ಬೆಳೆಯುತ್ತಲೇ ಇರುತ್ತದೆ. ಬೇಸಿಗೆಯಲ್ಲಿ ಒಣಗಿ ಸೀಳು ಬಿಡುವುದು ಹೆಚ್ಚು. ಐದು ಕುದುರೆಗಳ ಇಪ್ಪತ್ತು ಗೊರಸು ಮುಗಿಯುವಷ್ಟರಲ್ಲಿ ಒಂದೂವರೆ ಗಂಟೆ. ಹಗ್ಗ ಹಿಡಿದು ನಿಂತಿದ್ದ ನಮ್ಮವರ ಬೆನ್ನು ಅಂಗಿಗೆ ಅಂಟಿಕೊಂಡಿತ್ತು.

ಆಮೇಲೆ ನಾಲ್ಕು ಗಂಟೆಯವರೆಗೆ ಲಾಯದ ಹತ್ತಿರ ಗಲಾಟೆ ಇಲ್ಲ. ಹೊರಗೆ 35 ಡಿಗ್ರಿ. ಶೀಟಿನ ಮೇಲೆ ಹೊದಿಸಿದ ತೆಂಗಿನ ಗರಿಗೆ ಎರಡು ಸಲ ನೀರು ಹೊಡೆದೆವು. ಕುದುರೆ ನಮ್ಮ ಹಾಗೆಯೇ ಮೈಯೆಲ್ಲ ಬೆವರುತ್ತದೆ, ಬೆವರಿನ ಜೊತೆ ಉಪ್ಪೂ ಹೋಗುತ್ತದೆ; ಗೋದಲಿಯಲ್ಲಿ ಕಲ್ಲುಪ್ಪು ಇಟ್ಟಿರುತ್ತೇವೆ. ಸವಾರಿ ಕಲಿಯಲು ಬರುವ ಮಕ್ಕಳಿಗೂ ಮಾರ್ಚ್ ನಡುವಿನಿಂದ ಮಳೆ ಬೀಳುವವರೆಗೆ ರಜೆ. ಆ ತಿಂಗಳುಗಳ ಆದಾಯ ಹೋಗುತ್ತದೆ ನಿಜ. ಆದರೆ ಆ ವಿಷಯದಲ್ಲಿ ನಮ್ಮ ಮನೆಯಲ್ಲಿ ಚರ್ಚೆಯೇ ಇಲ್ಲ.

ಚರ್ಚೆ ಯಾಕಿಲ್ಲ ಎಂಬುದಕ್ಕೆ ಎರಡು ವರ್ಷದ ಹಿಂದಿನ ಬೇಸಿಗೆಯ ಒಂದು ರಾತ್ರಿ ಕಾರಣ. ಅಂದು ಮೋಟಾರ್ ಹಾಕುವ ಸರದಿ ನನ್ನದು. ಸ್ವಿಚ್ ಒತ್ತಿ ಒಳಗೆ ಬಂದೆ. ಹಿಂದೆಯೇ ಕರೆಂಟು ಹೋಯಿತು. ತೊಟ್ಟಿ ತುಂಬಿದೆ ಎಂದು ನಾನು ಅಂದುಕೊಂಡೆ, ನಾನು ನೋಡಿರುತ್ತೇನೆ ಎಂದು ಉಳಿದವರು ಅಂದುಕೊಂಡರು. ಒಣ ರಾಗಿ ಹುಲ್ಲು ತಿಂದುಕೊಂಡು ಕುದುರೆಗಳು ಮಧ್ಯಾಹ್ನವೆಲ್ಲ ನೀರಿಲ್ಲದೆ ನಿಂತಿದ್ದವು. ರಾತ್ರಿ ಎಂಟಕ್ಕೆ ನಮ್ಮ ಹಳೆಯ ಹೆಣ್ಣು ಕುದುರೆ ಚಂದ್ರಿ ಮುಂಗಾಲಿನಿಂದ ನೆಲ ಕೆರೆಯತೊಡಗಿತು. ಕತ್ತು ತಿರುಗಿಸಿ ತನ್ನ ಹೊಟ್ಟೆಯನ್ನೇ ನೋಡಿಕೊಳ್ಳುತ್ತಿತ್ತು, ಮಲಗುತ್ತಿತ್ತು, ಏಳುತ್ತಿತ್ತು. ಕಾಲಡಿ ಒಂದು ಉಂಡೆ ಲದ್ದಿಯೂ ಇರಲಿಲ್ಲ. ವೈದ್ಯರು ಬಂದು ಮೂಗಿನಿಂದ ಜಠರಕ್ಕೆ ಕೊಳವೆ ಇಳಿಸಿ ಎಣ್ಣೆ ಹಾಕಿದರು, ನಡೆಸುತ್ತಿರಿ ಎಂದರು. ನಾನೂ ಮಾವನೂ ಸರದಿಯ ಮೇಲೆ ಕಣದಲ್ಲಿ ಸುತ್ತಿದೆವು. ಮಾವ ನನಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಬೆಳಗಿನ ಜಾವ ಚಂದ್ರಿ ಬಾಲ ಎತ್ತಿ ನಾಲ್ಕು ಉಂಡೆ ಹಾಕಿತು. ಮಾವ ಒಂದನ್ನು ಕೈಗೆತ್ತಿಕೊಂಡು, ಹಿಸುಕಿ ನೋಡಿ, ಒಳಗೆ ಮಲಗಿದ್ದ ಅತ್ತೆಯನ್ನು ಕೂಗಿ ಎಬ್ಬಿಸಿದರು. ಅತ್ತೆಯೂ ಬಂದು ನೋಡಿದರು. ಮೂವರೂ ಲದ್ದಿ ನೋಡುತ್ತಾ ನಿಂತಿದ್ದೆವು.

ಈಗ ಲಾಯದ ಗೋಡೆಯ ಮೇಲೆ ಸೀಮೆಸುಣ್ಣದ ಲೆಕ್ಕವಿದೆ. ಯಾವ ಕುದುರೆ ಎಷ್ಟು ಬಕೆಟ್ ಕುಡಿಯಿತು, ಎಷ್ಟು ಸಲ ಲದ್ದಿ ಹಾಕಿತು. ನೀರು ಕೊಟ್ಟವರು ಅಲ್ಲಿ ಗೀರು ಹಾಕಲೇಬೇಕು. ಆ ಭಾನುವಾರದ ಹಿಂದಿನ ದಿನ ಮಕ್ಕಳನ್ನು ಹೊಯ್ಸಳೇಶ್ವರ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿದ್ದೆ. ತಳದಲ್ಲಿ ಆನೆಗಳ ಸಾಲು, ಅದರ ಮೇಲೆ ಸಿಂಹಗಳು, ಇನ್ನೂ ಮೇಲೆ ಗೋಡೆಯುದ್ದಕ್ಕೂ ಕುದುರೆ ಸವಾರರು. ನಾದಿನಿಯ ಮಗ ಆ ಸಾಲನ್ನೇ ಹಿಡಿದು ಸುತ್ತು ಹಾಕಿ ಬಂದು, "ಇಷ್ಟು ಕುದುರೆಗೆ ನೀರು ಯಾರು ಹೊರುತ್ತಿದ್ದರು?" ಎಂದು ಕೇಳಿದ್ದ. ಮೂರು ದಿನ ಮಂಕರಿ ಹೊತ್ತವನಿಗಷ್ಟೇ ಬರುವ ಪ್ರಶ್ನೆ ಅದು.

ಸಂಜೆ ಐದಕ್ಕೆ ಮೈ ತೊಳೆಯುವುದು. ಕಾಲಿನಿಂದ ಶುರು ಮಾಡಿ ಮೇಲಕ್ಕೆ ಹೋಗಬೇಕು, ಸುರಿದ ನೀರನ್ನು ಮೈಮೇಲೆ ನಿಲ್ಲಲು ಬಿಡದೆ ಕೆರೆದು ತೆಗೆಯಬೇಕು. ಕುದುರೆಗಿಂತ ಹೆಚ್ಚು ಮಕ್ಕಳು ನೆಂದರು. ಕತ್ತಲಾಗುವ ಹೊತ್ತಿಗೆ ಬೇವಿನ ಸೊಪ್ಪಿನ ಹೊಗೆ ಹಾಕಿದೆವು. ಮರಿಯ ಮೇಲಿನ ಮುನಿಸು ಮರೆತ ಹುಡುಗ ಅದರ ಕಿವಿಯ ಹಿಂದೆ ಕೆರೆಯುತ್ತಾ ನಿಂತಿದ್ದ.

ರಾತ್ರಿ ನಾದಿನಿ ಫೋನ್ ಮಾಡಿದಳು. ಮಗನನ್ನು ಅವಳು ಕೇಳಿದ್ದೂ ಅದೇ ಪ್ರಶ್ನೆ: "ಇವತ್ತು ಕುದುರೆ ಹತ್ತಿದೆಯಾ?"

"ಇಲ್ಲಮ್ಮ. ಹದಿನಾಲ್ಕು ಮಂಕರಿ ಹೊತ್ತೆ. ಗೋಡೆಯ ಮೇಲೆ ಬರೆದಿದೆ, ಬೇಕಾದರೆ ತಾತನನ್ನು ಕೇಳು."