ಒಂದೇ ಬಣ್ಣದ ಪೈಜಾಮ

ಬೆಂಗಳೂರಿನಿಂದ ಚಿಕ್ಕಮ್ಮನ ಮಗಳ ಮೆಸೇಜು ಬಂದು ಹತ್ತು ದಿನವಾಯಿತು. "ಅಕ್ಕಾ, ಒಸಾಕಾಕ್ಕೆ ಬರ್ತಿದೀವಿ. ಖರ್ಚು ಜಾಸ್ತಿ ಆಗಬಾರದು, ಆದ್ರೆ ಲಕ್ಷುರಿ ಥರ ಇರ್ಬೇಕು. ಅಂಥ ಹೋಟೆಲ್ ಯಾವುದಿದೆ ಹೇಳು." ನಾನಿನ್ನೂ ಉತ್ತರ ಕೊಟ್ಟಿಲ್ಲ. ಗೊತ್ತಿಲ್ಲ ಅಂತಲ್ಲ. ಹೋದ ತಿಂಗಳು ಸಾಲಾಗಿ ಮೂರು ದಿನ ರಜೆ ಸಿಕ್ಕಿತೆಂದು ನಾವೇ ಟೋಕಿಯೊದಿಂದ ಒಸಾಕಾಕ್ಕೆ ಹೋಗಿ, ಅಂಥದ್ದೇ ಒಂದರಲ್ಲಿ ಇದ್ದು ಬಂದಿದ್ದೇವೆ. ಆದರೆ ಬರೆಯಲು ಕೂತಾಗಲೆಲ್ಲ ಅಲ್ಲಿ ಮಗಳು ಕೇಳಿದ ಮಾತು ಅಡ್ಡ ಬರುತ್ತದೆ.

ಮೊದಲು ಹೋಟೆಲಿನ ವಿಷಯ ಮುಗಿಸಿಬಿಡುತ್ತೇನೆ. ಆಫೀಸಿನ ಕೆಲಸಕ್ಕೆ ಊರೂರು ತಿರುಗುವವರಿಗೆಂದು ಹುಟ್ಟಿದ್ದು ಇಲ್ಲಿನ ಬಿಸಿನೆಸ್ ಹೋಟೆಲ್. ರೂಮು 12-13 ಚದರ ಮೀಟರ್ ಇದ್ದರೆ ಹೆಚ್ಚು. ಸೂಟ್‌ಕೇಸ್ ಬಿಚ್ಚಿಟ್ಟರೆ ಕಾಲಿಡಲು ನೆಲ ಸಿಗುವುದಿಲ್ಲ. ತೊಟ್ಟಿ, ಬೇಸಿನ್, ಕಮೋಡ್ ಎಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗಿರುತ್ತದೆ. 1964ರ ಟೋಕಿಯೊ ಒಲಿಂಪಿಕ್ಸ್‌ಗಾಗಿ ಹೋಟೆಲ್ ನ್ಯೂ ಒಟಾನಿಯನ್ನು ಅವಸರವಸರವಾಗಿ ಕಟ್ಟುವಾಗ, ಬಚ್ಚಲನ್ನು ಕಾರ್ಖಾನೆಯಲ್ಲೇ ಮಾಡಿ ತಂದು ಕೂರಿಸಿದ್ದರಂತೆ. ಅದೇ ವಂಶದ್ದು ಇವು.

ಹಾಗಾದರೆ ಲಕ್ಷುರಿ ಎಲ್ಲಿ? ನಾವಿದ್ದದ್ದು ಡಾರ್ಮಿ ಇನ್ ಅನ್ನುವ ಬಿಸಿನೆಸ್ ಹೋಟೆಲಿನಲ್ಲಿ. ಮೇಲಿನ ಮಹಡಿಯಲ್ಲಿ ದೊಡ್ಡ ಸ್ನಾನದ ಕೊಳ, ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ. ರೂಮುಗಳಲ್ಲಿ ಉಳಿಸಿದ ಜಾಗವನ್ನೆಲ್ಲ ಒಟ್ಟು ಮಾಡಿ ಎಲ್ಲರಿಗೂ ಸೇರಿ ಒಂದು ಬಿಸಿನೀರಿನ ಕೊಳ ಕಟ್ಟಿದ್ದಾರೆ ಅನ್ನಿಸುತ್ತದೆ. ಮಿಂದು ಬಂದರೆ ಐಸ್‌ಕ್ಯಾಂಡಿ ಬಿಟ್ಟಿ. ರಾತ್ರಿ 9.30ರಿಂದ ಕೆಳಗಡೆ ಬಿಸಿ ನೂಡಲ್ಸ್, ಅದೂ ಬಿಟ್ಟಿ. ಕೊಳದಲ್ಲಿ ಮೈಮೇಲೆ ನೂಲಿನೆಳೆಯೂ ಇರಬಾರದು ಎನ್ನುವುದೊಂದೇ ನಮ್ಮವರಿಗೆ ಕಷ್ಟ. ಜಪಾನಿಗೆ ಬಂದ ಹೊಸದರಲ್ಲಿ ನಾನು ಬಾಗಿಲಿನಿಂದಲೇ ವಾಪಸ್ ಓಡಿದ್ದೆ. ಈಗ ಪುಟ್ಟ ಟವೆಲ್ಲನ್ನು ಮಡಚಿ ತಲೆ ಮೇಲಿಟ್ಟುಕೊಂಡು ಅರ್ಧ ಗಂಟೆ ಕೂರುತ್ತೇನೆ. ಊರಲ್ಲಿ ಅಮ್ಮನಿಗೆ ಹೇಳಿಲ್ಲ.

ಇನ್ನು ದುಡ್ಡು. ಶನಿವಾರ ರಾತ್ರಿ ಬೇಡ, ಅದೇ ರೂಮು ಭಾನುವಾರ ರಾತ್ರಿ ಎಷ್ಟೋ ಅಗ್ಗಕ್ಕೆ ಸಿಗುತ್ತದೆ. ಒಸಾಕಾದ ಗಿಜಿಗುಡುವ ನಂಬಾ, ಉಮೆದಾ ಪ್ರದೇಶಗಳೇ ಬೇಕು ಅಂತ ಹಟ ಹಿಡಿಯದೆ ನಡುವಿನ ಹೊಮ್ಮಾಚಿ ಕಡೆ ಹುಡುಕಿದರೆ ಸಾಕು. ಎಲ್ಲ ಒಂದೇ ಮಿದೊಸುಜಿ ಮೆಟ್ರೊ ಲೈನಿನ ಮೇಲಿವೆ. ಇನ್ನೂ ಒಂದನೇ ಕ್ಲಾಸಿಗೆ ಸೇರದ ಮಗು ನಿಮ್ಮ ಹಾಸಿಗೆಯಲ್ಲೇ ಮಲಗುವುದಾದರೆ ಎಷ್ಟೋ ಕಡೆ ಅದಕ್ಕೆ ಬೇರೆ ಚಾರ್ಜಿಲ್ಲ. ಟಿಪ್ಸ್ ಕೊಡುವ ಪದ್ಧತಿಯೇ ಇಲ್ಲ. ಬ್ಯಾಗು ಹೊರಲು ಯಾರೂ ಬರುವುದಿಲ್ಲ, ಸಲಾಂ ಹೊಡೆಯುವವರೂ ಇಲ್ಲ.

ಸಂಜೆ ಲಿಫ್ಟಿನಲ್ಲಿ ನಮ್ಮ ಜೊತೆ ಒಬ್ಬರು ಹತ್ತಿದರು. ಕಟ್ಟಡದ ಕೆಲಸದವರು. ದೊಗಳೆ ಪ್ಯಾಂಟು, ಬ್ಯಾಗಿಗೆ ಕಟ್ಟಿದ ಹೆಲ್ಮೆಟ್ಟು, ಮೊಣಕಾಲಿನವರೆಗೆ ಸಿಮೆಂಟಿನ ಧೂಳು. ಧೂಳು ನಮಗೆ ತಾಗೀತೆಂದು ಮೂಲೆಗೆ ಒತ್ತಿಕೊಂಡು ನಿಂತರು. ರಾತ್ರಿ ನೂಡಲ್ಸ್ ತಿನ್ನುವ ಕಡೆ ಪಕ್ಕದ ಮೇಜಿನಲ್ಲಿ ಅವರೇ. ಆದರೆ ಗುರುತು ಹಿಡಿದವಳು ಮಗಳು. ಹೋಟೆಲಿನವರು ಎಲ್ಲರಿಗೂ ಒಂದೇ ಬಣ್ಣದ ಅಂಗಿ, ಪೈಜಾಮ ಕೊಟ್ಟಿರುತ್ತಾರೆ. ಮಿಂದು ಅದನ್ನು ಹಾಕಿಕೊಂಡು ಕೂತರೆ ನನ್ನ ಗಂಡ ಯಾರು, ಅವರು ಯಾರು ಅಂತ ಬೆನ್ನಿನ ಕಡೆಯಿಂದ ಹೇಳಲಾಗುವುದಿಲ್ಲ. ಆ ನೂಡಲ್ಸಿನ ಸಾರು ನನಗೆ ಆಗದು, ಸುಮ್ನೆ ಜೊತೆಗೆ ಕೂತಿದ್ದೆ. ಎದ್ದು ಹೋಗುವಾಗ ಅವರು ಮಗಳಿಗೆ "ಒಯಾಸುಮಿ" ಅಂದರು, ಅಂದರೆ ಗುಡ್ ನೈಟ್.

ದೀಪ ಆರಿಸಿದ ಮೇಲೆ ಅವಳು ಕೇಳಿದಳು. "ಅಮ್ಮಾ, ನಮ್ಮ ಡ್ರೈವರ್ ಮಾಮ ಇಲ್ಲಿಗೆ ಬಂದಿದ್ರೆ ಅವ್ರಿಗೂ ಈ ಡ್ರೆಸ್ ಕೊಡ್ತಿದ್ರಾ? ಕಾರಲ್ಲಿ ಮಲ್ಕೋಬೇಕಿರಲಿಲ್ಲ ಅಲ್ವಾ?"

ಡ್ರೈವರ್ ಮಾಮ ಅಂದರೆ ಹೋದ ಡಿಸೆಂಬರಿನಲ್ಲಿ ಬೆಂಗಳೂರಿನಿಂದ ಮೈಸೂರು, ಮಡಿಕೇರಿ ಸುತ್ತಿಸಿದವರು. ದಾರಿಯುದ್ದಕ್ಕೂ ಅವಳ ನೂರಾರು ಪ್ರಶ್ನೆಗೆ ಬೇಸರವಿಲ್ಲದೆ ಉತ್ತರ ಕೊಟ್ಟವರು. ಮಡಿಕೇರಿ ಹತ್ತಿರ ನಾವಿಳಿದುಕೊಂಡ ರೆಸಾರ್ಟಿನ ಲಾಬಿಯಲ್ಲಿ ಅಮೃತಶಿಲೆ, ಸ್ವಾಗತಕ್ಕೆ ಹಣೆಗೆ ಕುಂಕುಮ, ಕೈಗೆ ತಣ್ಣನೆ ಶರಬತ್ತು. ಬೆಳಿಗ್ಗೆ ಬಾಲ್ಕನಿಯಿಂದ ನೋಡಿದರೆ ಅವರು ತೋಟದ ನಲ್ಲಿಯಲ್ಲಿ ಮುಖ ತೊಳೆದು, ಪೇಪರಿನಲ್ಲಿ ಗಾಜಿನ ಮೇಲಿನ ಇಬ್ಬನಿ ಒರೆಸುತ್ತಿದ್ದರು. ನಾನೂ ನೋಡಿದ್ದೆ. ಡ್ರೈವರ್ ಬಾಟಾ ಕೊಟ್ಟಿದ್ದೇವಲ್ಲ, ಲೆಕ್ಕ ಸರಿಯಾಯಿತು ಅಂದುಕೊಂಡು ಕಾಫಿ ಕುಡಿದಿದ್ದೆ. ಆ ಚಳಿಯಲ್ಲಿ ಅವರು ಎಲ್ಲಿ ಮಲಗಿದ್ದರೆಂದು ಕೇಳಲೂ ಇಲ್ಲ. ಮಗಳು ಕೇಳಿ ತಿಳಿದುಕೊಂಡಿದ್ದಳು ಅಂತ ಕಾಣುತ್ತದೆ.

"ಹೂಂ, ಕೊಡ್ತಿದ್ರು, ಮಲ್ಕೋ" ಅಂದೆ. ಅವಳಿಗೆ ನಿದ್ದೆ ಬಂತು. ನನಗೆ ಅಜ್ಜಿ ಮನೆಯ ಜಗುಲಿ ನೆನಪಾಯಿತು. ಅಡಿಕೆ ಸಾಗಿಸಲು ಬರುತ್ತಿದ್ದ ಗಾಡಿಯವರು ರಾತ್ರಿ ಅಲ್ಲೇ ಮಲಗುತ್ತಿದ್ದರು. ಅಜ್ಜಿ ಚಾಪೆ, ಕಂಬಳಿ, ಹೊಟ್ಟೆ ತುಂಬ ಊಟ ಎಲ್ಲ ಕೊಡುತ್ತಿದ್ದಳು. ಅದನ್ನು ಹೆಮ್ಮೆಯಿಂದಲೇ ಹೇಳಿಕೊಂಡು ಬಂದಿದ್ದೇನೆ. ಅವರ ಲೋಟ ಮಾತ್ರ ಜಗುಲಿಯ ಗೋಡೆಯ ಗೂಡಿನಲ್ಲಿ ಬೇರೆ ಇರುತ್ತಿತ್ತು. ಆ ಭಾಗವನ್ನು ಯಾರಿಗೂ ಹೇಳುವುದಿಲ್ಲ.

ಜಪಾನ್ ಏನೂ ಸ್ವರ್ಗವಲ್ಲ. ಮಾರನೇ ದಿನ ಶಿನ್-ಇಮಾಮಿಯಾ ಸ್ಟೇಷನ್ನಿನ ಹತ್ತಿರ ನಡೆದು ಹೋದೆವು. ದಿನಗೂಲಿಯವರು ತಂಗುತ್ತಿದ್ದ ಅಗ್ಗದ ಕೋಣೆಗಳ ಪ್ರದೇಶ ಅದು. ಆ ತಂಗುದಾಣಕ್ಕೆ 'ದೋಯಾ' ಅನ್ನುತ್ತಾರೆ. ವಸತಿಗೃಹಕ್ಕೆ ಜಪಾನಿ ಮಾತು 'ಯಾದೊ'. ಅದನ್ನೇ ತಿರುಗುಮುರುಗು ಮಾಡಿದ್ದು, ಮನುಷ್ಯರಿರುವ ಜಾಗವಲ್ಲ ಅನ್ನುವ ಕುಹಕದಲ್ಲಿ. ಈಗ ಕೆಲವು ದೋಯಾಗಳೇ ಪ್ರವಾಸಿಗರ ಅಗ್ಗದ ಹೋಟೆಲುಗಳಾಗಿವೆ. 2022ರಲ್ಲಿ ದೊಡ್ಡ ರೆಸಾರ್ಟ್ ಕಂಪನಿಯೊಂದರ ಹೋಟೆಲೂ ಪಕ್ಕದಲ್ಲೇ ಎದ್ದಿದೆ. ಅದರಿಂದ ಸ್ವಲ್ಪ ದೂರ ನಡೆದರೆ ರಟ್ಟು ಹಾಸಿಕೊಂಡು ಮಲಗಿದ್ದ ಮುದುಕರು ಕಂಡರು. ಮಗಳು ಅಲ್ಲಿ ಏನೂ ಕೇಳಲಿಲ್ಲ. ನನ್ನ ಕೈ ಮಾತ್ರ ಗಟ್ಟಿಯಾಗಿ ಹಿಡಿದುಕೊಂಡಳು.

ಈ ಡಿಸೆಂಬರಿನಲ್ಲಿ ಮತ್ತೆ ಊರಿಗೆ ಹೋಗುತ್ತೇವೆ. ಈ ಸಲ ಚಿಕ್ಕಮಗಳೂರು, ಅದೇ ಡ್ರೈವರ್. ನಿನ್ನೆ ರಾತ್ರಿ ಅಲ್ಲಿನ ಒಂದು ಒಳ್ಳೆ ಹೋಟೆಲಿಗೆ ಫೋನ್ ಮಾಡಿದೆ. ತುಂಬ ಮರ್ಯಾದೆಯಿಂದ ಮಾತಾಡಿದರು. ಈಜುಕೊಳ ಇದೆ, ಸ್ಪಾ ಇದೆ, ಕ್ಯಾಂಪ್‌ಫೈರ್ ಇದೆ ಅಂದರು.

"ಡ್ರೈವರ್‌ಗೆ ವ್ಯವಸ್ಥೆ ಇದೆಯಾ?" ಅಂತ ಕೇಳಿದೆ.

"ಇದೆ ಮೇಡಂ, ಏನೂ ಯೋಚನೆ ಮಾಡ್ಬೇಡಿ. ಪಾರ್ಕಿಂಗ್ ದೊಡ್ಡದಿದೆ."