ಮೋಶೆಯ ಮಾವ, ನನ್ನ ಮಾವ

ಆ ಭಾನುವಾರ ಬೆಳಗ್ಗೆ ಆರಕ್ಕೆ ನನ್ನ ನೈಟ್ ಶಿಫ್ಟ್ ಮುಗಿಯಿತು. ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಿಂದ ಬೈಕಿನಲ್ಲಿ ಮನೆಗೆ ಬಂದೆ. ಸ್ನಾನ ಮಾಡಿ, ನಿಂತುಕೊಂಡೇ ಎರಡು ಇಡ್ಲಿ ತಿಂದು ಎಂಟು ಗಂಟೆಯ ಆರಾಧನೆಗೆ ಓಡಿದೆ. ನಮ್ಮ ಸಭೆಯಲ್ಲಿ ಕೀಬೋರ್ಡ್ ನುಡಿಸುವವನು ನಾನು. ಮೊದಲ ಹಾಡು ಚೆನ್ನಾಗಿಯೇ ಆಯಿತು. ಆಮೇಲೆ ಅಯ್ಯನವರು, ಅಂದರೆ ನಮ್ಮ ಪಾದ್ರಿ, ಪಾಪ ಅರಿಕೆಗೆ ಕರೆದರು. ಎಲ್ಲರೂ ತಲೆ ತಗ್ಗಿಸಿದರು. ಫ್ಯಾನಿನ ಸದ್ದು ಬಿಟ್ಟರೆ ಚರ್ಚಿನಲ್ಲಿ ಏನೂ ಇಲ್ಲ. ಆ ಮೌನದಲ್ಲಿ ನನಗೆ ನಿದ್ದೆ ಹತ್ತಿತು.

ಸುಮ್ನೆ ಹತ್ತಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮೊಣಕೈ ಸಮೇತ ಕೀಬೋರ್ಡಿನ ಮೇಲೆ ಕುಸಿದೆ. ಸ್ಪೀಕರಿನಲ್ಲಿ ದಸರಾ ಆನೆ ಘೀಳಿಟ್ಟ ಹಾಗಾಯಿತು. ಭಾನುವಾರ ಶಾಲೆಯ ಮಕ್ಕಳು ಕಿಸಕ್ಕೆಂದರು. ಯಾರೋ ಒಬ್ಬರು ಅಜ್ಜಿ ಅಭ್ಯಾಸಬಲದಿಂದ "ಸ್ತೋತ್ರ" ಅಂದುಬಿಟ್ಟರು. ಎರಡನೇ ಬೆಂಚಿನಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದ ನನ್ನ ಮಾವ ಮಾತ್ರ ನಗಲಿಲ್ಲ. ತಲೆ ಎತ್ತಿ ನನ್ನ ಕಡೆಗೇ ನೋಡುತ್ತಿದ್ದರು.

ಮಾವನಿಗೆ ಕಣ್ಣಿನ ಪೊರೆ ಆಪರೇಷನ್ ಆಗಿತ್ತು. ಧೂಳಿಗೆ ಹೋಗಬಾರದು ಅಂತ ಮೈಸೂರಿನ ನಮ್ಮ ಮನೆಯಲ್ಲೇ ಇಟ್ಟುಕೊಂಡಿದ್ದೆವು. ಅವರು ಮದ್ದೂರಿನ ಕಡೆಯವರು, ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದ ರೈತ. ಟಿವಿ ನೋಡುವ ಹಾಗಿಲ್ಲ, ಗದ್ದೆ ಇಲ್ಲ. ಹಾಗಾಗಿ ಅವರು ಮೂರು ವಾರದಿಂದ ನೋಡುತ್ತಿದ್ದದ್ದು ಒಂದನ್ನೇ. ನನ್ನನ್ನು.

ನೋಡಲಿಕ್ಕೆ ಏನಿತ್ತು ಅಂದರೆ, ಬುಧವಾರ ಮನೆಮನೆಯ ಪ್ರಾರ್ಥನಾ ಕೂಟ. ಶುಕ್ರವಾರ ಉಪವಾಸ ಪ್ರಾರ್ಥನೆ. ಶನಿವಾರ ಗಾಯನ ಮಂಡಳಿಯ ಪ್ರಾಕ್ಟೀಸ್. ಭಾನುವಾರ ಆರಾಧನೆ, ಆಮೇಲೆ ಭಾನುವಾರ ಶಾಲೆ, ಆಮೇಲೆ ಕಾಣಿಕೆ ಎಣಿಸುವುದು. ನಾನೇ ಖಜಾಂಚಿ. ಮಧ್ಯೆ ಓಟಿ, ಅಂದರೆ ಫ್ಯಾಕ್ಟರಿಯ ಓವರ್‌ಟೈಮ್. ಓಟಿಗೆ ದುಪ್ಪಟ್ಟು ಕೂಲಿ, ಮಗಳ ಫೀಸಿಗೆ ಆಗುತ್ತೆ, ಹೇಗೆ ಬಿಡೋದು? 1948ರ ಕಾರ್ಖಾನೆ ಕಾಯ್ದೆ ನನ್ನಂಥವರಿಗೆ ವಾರಕ್ಕೊಂದು ರಜೆ ಕೊಡಿಸಿತ್ತು. ಆ ರಜೆಯನ್ನು ನಾನು ಇನ್ನೊಂದು ಡ್ಯೂಟಿ ಮಾಡಿಕೊಂಡಿದ್ದೆ. ಇದಕ್ಕೆ ಕಂಪನಿಯನ್ನೂ ಬೈಯುವ ಹಾಗಿಲ್ಲ, ಚರ್ಚನ್ನೂ ಬೈಯುವ ಹಾಗಿಲ್ಲ.

ಒಂದು ಮಾತು ಒಪ್ಪಿಕೊಳ್ಳಬೇಕು. ಅಷ್ಟೆಲ್ಲ ಕೂಟಗಳಲ್ಲಿ ನಾನು ಪ್ರಾರ್ಥನೆ ಮಾಡಿಸುತ್ತಿದ್ದೆ, ಮಾಡುತ್ತಿರಲಿಲ್ಲ. ಬಾಯಿ "ಕರ್ತನೇ" ಅನ್ನುವಾಗ ಮನಸ್ಸು ವೋಚರ್ ಲೆಕ್ಕ ಹಾಕುತ್ತಿತ್ತು.

ಅವತ್ತು ಮನೆಗೆ ಬರುವಾಗ ಮೂರು ಗಂಟೆ. ಊಟಕ್ಕೆ ಕೂತಾಗ ಮಾವ ಕೇಳಿದರು.

"ಅಳಿಮಯ್ಯ, ನೀವು ಕುಂತ್ಕಂಡು ಉಂಡಿದ್ದು ನಾನ್ ಬಂದ್ಮ್ಯಾಕೆ ಇದೇ ಮೊದ್ಲು ಅಲ್ವಾ?"

"ಏನ್ ಮಾಡೋದು ಮಾವ, ನಾನು ಬಿಟ್ರೆ ಮಾಡೋರು ಯಾರೂ ಇಲ್ಲ."

ಅವರು ಮುದ್ದೆ ಮುರಿಯುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ನಾಲೆ ವಿಷಯ ಶುರು ಮಾಡಿದರು. ಮಂಡ್ಯದ ಕಡೆಯವರಿಗೆ ಎಲ್ಲ ಮಾತೂ ಕೊನೆಗೆ ನಾಲೆಗೇ ಬಂದು ಸೇರುತ್ತದೆ, ಇದೂ ಅಂಥದ್ದೇ ಅಂದುಕೊಂಡೆ.

"ಕನ್ನಂಬಾಡಿ 124.80 ಅಡಿ ತುಂಬ್ಲಿ, ವರ್ಸೆಲ್ಲ ನೀರು ಬಿಟ್ಬುಡ್ತಾರಾ? ಕಟ್ಟು ನೀರು ಕೊಡ್ತಾರೆ. ಇಷ್ಟ್ ದಿವ್ಸ ಬಿಡೋದು, ಇಷ್ಟ್ ದಿವ್ಸ ನಿಲ್ಸೋದು."

"ಗೊತ್ತು ಮಾವ. ನೀರು ಉಳಿಸೋಕೆ."

"ಉಳ್ಸಕೆ ಸರಿ. ಗದ್ದೆ ಒಸಿ ಆರುದ್ರೆ ಬೇರೂ ಕೆಳಕ್ಕಿಳೀತದೆ. ಅದೂ ಇರ್ಲಿ. ಮೇಲ್ನೋನು ತೂಬು ಮುಚ್ದೆ ಹೋದ್ರೆ ನನ್ ಗದ್ದೆಗೆ ನೀರು ಯಾವಾಗ್ ಬತ್ತದೆ? ನಮ್ಮೂರಲ್ಲಿ ಒಬ್ಬ ಅವ್ನೆ, ರಾತ್ರಿಯೆಲ್ಲ ತೂಬಿನ ಹತ್ರನೇ ಕುಂತಿರ್ತಾನೆ. ಕೇಳುದ್ರೆ, ನಾನ್ ನೋಡ್ಕಳ್ದಿದ್ರೆ ನಾಲೆ ಒಡ್ದೋಯ್ತದೆ ಅಂತಾನೆ."

ಮುದ್ದೆ ಗಂಟಲಲ್ಲಿ ಸಿಕ್ಕಿಕೊಂಡಿತು. ನಿಜಕ್ಕೂ ಕೋಪ ಬಂತು. ನಾನು ದೇವರ ಕೆಲಸ ಮಾಡುವವನು, ನನ್ನನ್ನು ನೀರು ಕದಿಯುವವನ ಸಾಲಿಗೆ ಸೇರಿಸುವುದೇ? ಕೈ ತೊಳೆದು ಹೋಗಿ ಮಲಗಿದೆ. ನಿದ್ದೆ ಬರಲಿಲ್ಲ, ಅದೇ ತಮಾಷೆ. ಪಾಪ ಅರಿಕೆಯಲ್ಲಿ ಬಂದ ನಿದ್ದೆ ಹಾಸಿಗೆಯಲ್ಲಿ ಬರಲಿಲ್ಲ.

ಮುಂದಿನ ವಾರದ ಭಾನುವಾರ ಶಾಲೆಗೆ ಕ್ವಿಜ್ ಬರೆಯಬೇಕಿತ್ತು, ಎದ್ದು ಕೂತೆ. ಬೈಬಲಿನ ವಿಮೋಚನಕಾಂಡ, ಇಸ್ರಾಯೇಲ್ಯರನ್ನು ಐಗುಪ್ತದಿಂದ ಬಿಡಿಸಿಕೊಂಡು ಬಂದ ಮೋಶೆಯ ಕಥೆ. "ಮೋಶೆಯ ಮಾವನ ಹೆಸರೇನು?" ಹತ್ತು ವರ್ಷದಿಂದ ಕೇಳುತ್ತಿರುವ ಪ್ರಶ್ನೆ. ಉತ್ತರ ಇತ್ರೋ, ಎರಡು ಅಂಕ. ಪೆನ್ನು ಅಲ್ಲೇ ನಿಂತಿತು. ಹದಿನೆಂಟನೇ ಅಧ್ಯಾಯ ತೆಗೆದೆ. ಅಳಿಯನನ್ನು ನೋಡಿಕೊಂಡು ಹೋಗಲು ಇತ್ರೋ ಬರುತ್ತಾನೆ. ಮಾರನೇ ದಿನ ಮೋಶೆ ಬೆಳಗ್ಗೆಯಿಂದ ಸಂಜೆವರೆಗೆ ಜನರ ವ್ಯಾಜ್ಯ ಕೇಳುತ್ತಾ ಒಬ್ಬನೇ ಕೂತಿರುತ್ತಾನೆ. ಮಾವ ಇಡೀ ದಿನ ನೋಡುತ್ತಾನೆ. ಆಮೇಲೆ ಹೇಳುತ್ತಾನೆ, ನೀನು ಮಾಡುತ್ತಿರುವುದು ಒಳ್ಳೆಯದಲ್ಲ, ನೀನೂ ಬಳಲುತ್ತೀಯ, ನಿನ್ನ ಜೊತೆ ಇರುವ ಜನರೂ ಬಳಲುತ್ತಾರೆ. ಸಾವಿರಕ್ಕೊಬ್ಬ, ನೂರಕ್ಕೊಬ್ಬ, ಐವತ್ತಕ್ಕೊಬ್ಬ, ಹತ್ತಕ್ಕೊಬ್ಬನನ್ನು ನೇಮಿಸು ಅನ್ನುತ್ತಾನೆ. ವಾರಕ್ಕೊಂದು ದಿನ ಕೆಲಸ ಬಿಡಬೇಕು ಅನ್ನುವ ಆಜ್ಞೆ ಸೀನಾಯಿ ಬೆಟ್ಟದಲ್ಲಿ ಸಿಗುವುದು ಇದಾದ ಎರಡು ಅಧ್ಯಾಯದ ಮೇಲೆ. ಅದಕ್ಕೂ ಮೊದಲೇ ಹೆಣ್ಣು ಕೊಟ್ಟ ಮಾವ ಹೇಳಿ ಮುಗಿಸಿದ್ದ.

"ನಿನ್ನ ಜೊತೆ ಇರುವ ಜನರೂ" ಅನ್ನುವುದನ್ನು ನಾನು ಯಾವತ್ತೂ ಗಮನಿಸಿರಲಿಲ್ಲ. ಆ ಮಾತಿಗೆ ಅಂಕ ಇರಲಿಲ್ಲ.

ಅಯ್ಯನವರ ಹತ್ತಿರ ಮಾತಾಡಲು ಇನ್ನೂ ಎರಡು ವಾರ ತಗೊಂಡೆ. ಮಾರ್ಚ್ ಲೆಕ್ಕ ಮುಗಿಸಿ ಖಜಾಂಚಿ ಕೆಲಸ ಬಿಡುತ್ತೇನೆ, ಕೀಬೋರ್ಡ್ ತಿಂಗಳಿಗೆ ಎರಡೇ ಭಾನುವಾರ, ಭಾನುವಾರ ಶಾಲೆ ಮಾತ್ರ ಬಿಡಲ್ಲ ಅಂದೆ. ಅವರು ಬೇಡ ಅನ್ನುತ್ತಾರೆ, ಸ್ವಲ್ಪ ಬೇಡಿಕೊಳ್ಳುತ್ತಾರೆ ಅಂದುಕೊಂಡಿದ್ದೆ. "ಒಳ್ಳೇದಾಯ್ತು ಬ್ರದರ್, ಪಿಯುಸಿ ಓದೋ ಆ ಹುಡುಗಿ ನುಡಿಸ್ತೀನಿ ಅಂತ ವರ್ಷದಿಂದ ಕೇಳ್ತಿದ್ಲು, ನಿಮಗೆ ಬೇಜಾರಾಗಬಾರದು ಅಂತ ಸುಮ್ಮನಿದ್ದೆ" ಅಂದರು. ಬೇಜಾರಂತೂ ಆಯಿತು.

ಓಟಿ ಪೂರ್ತಿ ಬಿಡಲಾಗಲಿಲ್ಲ. ಶನಿವಾರ ರಾತ್ರಿಯದನ್ನು ಮಾತ್ರ ಬಿಟ್ಟೆ. ಮನೆಯ ಲೆಕ್ಕದಲ್ಲಿ ಅದು ಗೊತ್ತಾಗುತ್ತದೆ, ಇಲ್ಲ ಅನ್ನುವುದಿಲ್ಲ.

ಆ ಹುಡುಗಿ ನುಡಿಸಿದ ಮೊದಲ ಭಾನುವಾರ ನಾನು ಬೆಂಚಿನಲ್ಲಿ ಹೆಂಡತಿಯ ಪಕ್ಕ ಕೂತೆ. ಎಷ್ಟು ವರ್ಷವಾಗಿತ್ತೋ. ಹುಡುಗಿಯ ತಾಳ ನಿಧಾನ. ಎರಡು ಕಡೆ ತಪ್ಪಿದಳು, ನನ್ನ ಬೆರಳು ತೊಡೆಯ ಮೇಲೆ ತಾನಾಗಿ ತಿದ್ದುತ್ತಿತ್ತು. ಸಭೆ ಅವಳಿಗೋಸ್ಕರ ನಿಧಾನವಾಗಿ ಹಾಡಿತು. ಪಕ್ಕಕ್ಕೆ ತಿರುಗಿದರೆ ಹೆಂಡತಿ ಹಾಡಿನ ಪುಸ್ತಕವನ್ನು ಕೈ ಚಾಚಿ ಮಾರು ದೂರ ಹಿಡಿದು, ಕಣ್ಣು ಕಿರಿದು ಮಾಡಿಕೊಂಡು ಓದುತ್ತಿದ್ದಳು.

"ಯಾವಾಗಿಂದ ಹೀಗೆ?" ಅಂದೆ ಮೆಲ್ಲಗೆ.

"ಒಂದು ವರ್ಷ ಆಯ್ತು. ಹಾಡಿ ಸುಮ್ನೆ" ಅಂದಳು.