ಮುರಿದ ಬಿದಿರಿನ ಲೆಕ್ಕ

ನಮ್ಮ ಗಣಿತದ ನೋಟ್‌ಬುಕ್ಕಿನ ಪ್ರತಿ ಪುಟದಲ್ಲೂ ಬಲಗಡೆ ಉದ್ದಕ್ಕೆ ಒಂದು ಗೆರೆ ಇರಲೇಬೇಕಿತ್ತು. ಎಡಗಡೆ ಲೆಕ್ಕದ ಹೆಜ್ಜೆ, ಬಲಗಡೆ ಅದಕ್ಕೆ ಕಾರಣ. ರೇಖಾಗಣಿತದಲ್ಲಿ ಇದು ಹೊಸದೇನಲ್ಲ. ದತ್ತ, ಸಾಧನೀಯ, ರಚನೆ, ಸಾಧನೆ ಅಂತ ಬರೆದು, ಪಕ್ಕದಲ್ಲಿ 'ಒಂದೇ ವೃತ್ತದ ತ್ರಿಜ್ಯಗಳು', 'ಉಭಯಸಾಮಾನ್ಯ ಬಾಹು' ಅಂತ ಕಾರಣ ಕೊಟ್ಟೇ ಎಲ್ಲರೂ ಪ್ರಮೇಯ ಕಲಿತವರು. ನಮ್ಮ ಮೇಷ್ಟ್ರು ಆ ಗೆರೆಯನ್ನು ಬೀಜಗಣಿತಕ್ಕೂ ಎಳೆಸಿದರು. "5 ಆಚೆ ಹೋದರೆ ಮೈನಸ್ 5 ಆಗುತ್ತೆ ಸಾರ್" ಅಂದರೆ ಒಪ್ಪುತ್ತಿರಲಿಲ್ಲ. "ಅದು ತಾನಾಗೇ ಎಲ್ಲಿಗೆ ಹೋಗುತ್ತೆ? ಎರಡೂ ಕಡೆಯಿಂದ 5 ಕಳೆದೆವು ಅಂತ ಬರೀರಿ" ಎನ್ನುತ್ತಿದ್ದರು.

ಹತ್ತನೇ ಕ್ಲಾಸಿನಲ್ಲಿ ಪೈಥಾಗೊರಸ್ ಪ್ರಮೇಯ ಮುಗಿದ ಮೇಲೆ ಅವರು ಇಡೀ ಪೀರಿಯಡ್ಡನ್ನು ಒಂದೇ ಲೆಕ್ಕಕ್ಕೆ ಕೊಟ್ಟರು. ಭಾಸ್ಕರಾಚಾರ್ಯರು 1150ರಲ್ಲಿ ಬರೆದ 'ಲೀಲಾವತಿ'ಯ ಲೆಕ್ಕ. ನೆಟ್ಟಗೆ ನಿಂತ 32 ಮೊಳದ ಬಿದಿರು ಗಾಳಿಗೆ ಮುರಿಯಿತು. ಅದರ ತುದಿ ಬುಡದಿಂದ 16 ಮೊಳ ದೂರದಲ್ಲಿ ನೆಲಕ್ಕೆ ತಾಗಿತು. ಹಾಗಾದರೆ ಎಷ್ಟು ಎತ್ತರದಲ್ಲಿ ಮುರಿಯಿತು?

ಮೊದಲು ಚಿತ್ರ ಬರೆಸಿದರು. ನಿಂತ ಭಾಗ ಎಕ್ಸ್. ಹಾಗಾದರೆ ಬಾಗಿದ ಭಾಗ 32ರಲ್ಲಿ ಎಕ್ಸ್ ಕಳೆದಷ್ಟು. "ಯಾಕೆ?" ಬಿದಿರು ಮುರಿದರೂ ಅದರ ಒಟ್ಟು ಉದ್ದ ಬದಲಾಗಲಿಲ್ಲ, ಅದಕ್ಕೆ. ಬಲಗಡೆ ಅದನ್ನೂ ಬರೆದೆವು. ಬಿದಿರು ನೆಲಕ್ಕೆ ಲಂಬವಾಗಿದೆ, ಹಾಗಾಗಿ ಪೈಥಾಗೊರಸ್ ಬಳಸಬಹುದು. ಎಕ್ಸ್ ವರ್ಗಕ್ಕೆ 256 ಕೂಡಿದರೆ ಬಾಗಿದ ಭಾಗದ ವರ್ಗ. ಅದನ್ನು ಬಿಡಿಸಿದರೆ 1024, ಮೈನಸ್ 64 ಎಕ್ಸ್, ಪ್ಲಸ್ ಎಕ್ಸ್ ವರ್ಗ. ವರ್ಗ ಸಮೀಕರಣ ಬಂತು ಅಂದುಕೊಳ್ಳುವಷ್ಟರಲ್ಲಿ ಎರಡೂ ಕಡೆ ಎಕ್ಸ್ ವರ್ಗ ಹೊಡೆದುಹೋಯಿತು. ಉಳಿದದ್ದು ಇಷ್ಟೇ: 64 ಎಕ್ಸ್ ಅಂದರೆ 768. ಎಕ್ಸ್ 12. ಬಾಗಿದ ಭಾಗ 20. ತಾಳೆ ನೋಡಿದರೆ 144 ಮತ್ತು 256 ಸೇರಿ 400. ಸರಿಹೋಯಿತು.

ಬೇರೆ ಮೇಷ್ಟ್ರಾಗಿದ್ದರೆ ಇಲ್ಲಿಗೆ ಮುಂದಿನ ಲೆಕ್ಕ ಹಿಡಿಯುತ್ತಿದ್ದರೇನೋ. ಇವರು ಬೋರ್ಡ್ ಒರೆಸಲಿಲ್ಲ. ಭಾಸ್ಕರಾಚಾರ್ಯರು ಹೇಳಿದ ದಾರಿಯನ್ನು ಪಕ್ಕದಲ್ಲೇ ಬರೆದರು. ನೆಲದ ದೂರದ ವರ್ಗವನ್ನು ಬಿದಿರಿನ ಉದ್ದದಿಂದ ಭಾಗಿಸು: 256 ಭಾಗಿಸು 32, ಅಂದರೆ 8. ಅದನ್ನು 32ರಲ್ಲಿ ಕಳೆದು ಅರ್ಧ ಮಾಡು. 12! ಎರಡೇ ಸಾಲು. ಎಲ್ಲಿಂದ ಬಂತು ಈ ಭಾಗಾಕಾರ? ಬಲಗಡೆ ಏನು ಬರೆಯೋದು?

ಕ್ಲಾಸು ಸುಮಾರು ಹೊತ್ತು ಸುಮ್ಮನಿತ್ತು. ಮೇಷ್ಟ್ರೂ ಸುಮ್ಮನಿದ್ದರು. ಹಾಗೆ ಕಾಯುವ ತಾಳ್ಮೆ ಅವರಿಗಿತ್ತು, ಅದನ್ನು ನಾನು ಈಗಲೂ ಗೌರವದಿಂದ ನೆನೆಯುತ್ತೇನೆ. ಕೊನೆಗೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು "ವರ್ಗಗಳ ವ್ಯತ್ಯಾಸ ಸಾರ್" ಅಂದಳು. ಹೌದಲ್ವಾ! ಬಾಗಿದ ಭಾಗದ ವರ್ಗದಲ್ಲಿ ನಿಂತ ಭಾಗದ ವರ್ಗ ಕಳೆದರೆ 256. ಅದು ಎರಡರ ಮೊತ್ತ ಮತ್ತು ವ್ಯತ್ಯಾಸಗಳ ಗುಣಲಬ್ಧ. ಮೊತ್ತ 32 ಅಂತ ಗೊತ್ತೇ ಇದೆ. ಹಾಗಾದರೆ ವ್ಯತ್ಯಾಸ 8. ಮೊತ್ತ 32, ವ್ಯತ್ಯಾಸ 8, ಅಂದಮೇಲೆ ಭಾಗಗಳು 20 ಮತ್ತು 12. ಎಂಟನೇ ಕ್ಲಾಸಿನಿಂದ ಬಾಯಿಪಾಠ ಮಾಡಿದ್ದ ನಿತ್ಯ ಸಮೀಕರಣಕ್ಕೆ ಇಷ್ಟು ಶಕ್ತಿ ಇದೆ ಅಂತ ಅವತ್ತೇ ತಿಳಿದದ್ದು.

ಆಮೇಲೆ ನಾವೇ ಸಂಖ್ಯೆ ಬದಲಾಯಿಸಿ ನೋಡಿದೆವು. ತುದಿ 8 ಮೊಳದಲ್ಲಿ ಬಿದ್ದರೆ? ನಿಂತದ್ದು 15, ಬಾಗಿದ್ದು 17. 24 ಮೊಳದಲ್ಲಿ ಬಿದ್ದರೆ? 7 ಮತ್ತು 25. ಎಲ್ಲೂ ಭಿನ್ನರಾಶಿ ಇಲ್ಲ. 32ನ್ನು ಎಷ್ಟು ಯೋಚಿಸಿ ಆರಿಸಿದ್ದಾರೆ ನೋಡಿ!

ಸ್ಪರ್ಶಕಗಳ ಪ್ರಮೇಯಕ್ಕೂ ಇದೇ ಗೆರೆ ಕೆಲಸಕ್ಕೆ ಬಂತು. ಬಾಹ್ಯ ಬಿಂದುವಿನಿಂದ ವೃತ್ತಕ್ಕೆ ಎಳೆದ ಎರಡು ಸ್ಪರ್ಶಕಗಳು ಸಮ ಅಂತ ಚಿತ್ರ ನೋಡಿದರೇ ಅನ್ನಿಸುತ್ತದೆ. ಆದರೆ ತ್ರಿಜ್ಯ ಸ್ಪರ್ಶಕಕ್ಕೆ ಲಂಬ ಅನ್ನುವ ಕಾರಣ ಬರೆಯದೆ ಲಂ.ವಿ.ಬಾ. (ಲಂಬಕೋನ, ವಿಕರ್ಣ, ಬಾಹು) ಸರ್ವಸಮತೆಗೆ ಹೋಗುವ ಹಾಗಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಹಂತ ಹಂತಕ್ಕೂ ಅಂಕ ಇರುತ್ತಿತ್ತು, ನಿಜ. ಮೇಷ್ಟ್ರು ಮಾತ್ರ ಅಂಕದ ಮಾತು ಎತ್ತಿದ್ದೇ ಕಡಿಮೆ.

ಈಗ ಶಾಲೆಯಲ್ಲಿರುವ ಮಕ್ಕಳಿಗೆ 'ಲೀಲಾವತಿ'ಯದೇ ಇನ್ನೊಂದು ಲೆಕ್ಕ ಕೊಡುತ್ತೇನೆ. ಕೊಳದಲ್ಲಿ ತಾವರೆಯ ಮೊಗ್ಗು ನೀರಿನಿಂದ ಅರ್ಧ ಮೊಳ ಮೇಲಿತ್ತು. ಗಾಳಿಗೆ ಬಾಗಿ, ನಿಂತ ಜಾಗದಿಂದ 2 ಮೊಳ ದೂರದಲ್ಲಿ ಮುಳುಗಿತು. ನೀರಿನ ಆಳ ಮೂರೂ ಮುಕ್ಕಾಲು ಮೊಳ. ಉತ್ತರ ಹೇಳಿಬಿಟ್ಟಿದ್ದೇನೆ. ಬಲಗಡೆ ಗೆರೆ ಎಳೆದು ಉಳಿದದ್ದನ್ನು ನೀವು ಬರೆಯಿರಿ.